ಕರೆದವರಿಗೆ ಕೆಂಪು, ಓಗೊಟ್ಟವರಿಗೆ ಕಪ್ಪು

ಫೆಬ್ರವರಿ 11

ಪ್ರೀತಿಯ ಗಲಾಟೆಗೆ,

ಮನೆಗೆ ಎರಡು ಸ್ಪೀಕರು, ಒಂದು ಆಂಪ್ಲಿಫೈಯರು, ಒಂದು ರೆಕಾರ್ಡ್ ಪ್ಲೇಯರು ಬಂದಿವೆ. ತಂದವಳು ನಾನೇ. ನಮ್ಮ ಬೀದಿಯ ತುದಿಯ ನೃತ್ಯಶಾಲೆ ಮುಚ್ಚಿತು. ಕನ್ನಡಿ, ಕುರ್ಚಿ ಎಲ್ಲ ಯಾರ್‍ಯಾರೋ ಒಯ್ದರು. ಇವು ಮಾತ್ರ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತ ಕೂತಿದ್ದವು. ಸ್ಪೀಕರು ಒಂದೊಂದೂ ನನ್ನ ಸೊಂಟದೆತ್ತರ ಇದೆ. ಹೊತ್ತು ತಂದವನು ಹಾಲಿನಲ್ಲಿಳಿಸಿ ಬೆವರು ಒರೆಸಿಕೊಳ್ಳುತ್ತ, "ಇದನ್ನ ಹಚ್ಚಿದ್ರೆ ಇಡೀ ಬೀದಿಗೇ ಕೇಳ್ಸುತ್ತೆ ಅಮ್ಮಾ" ಅಂದ. "ಅದಕ್ಕೇ ತಂದಿದ್ದು" ಅಂದೆ.

ನಿಮ್ಮಪ್ಪ ಒಳಕೋಣೆಯ ಬಾಗಿಲಲ್ಲಿ ನಿಂತು ಅವನ್ನು ನೋಡಿದರು. ಮನೆಗೆ ಎರಡು ಎಮ್ಮೆ ಹೊಡೆದುಕೊಂಡು ಬಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು, ಎಂದಿನಂತೆ ಚಿಲಕ ಸದ್ದಾಗದ ಹಾಗೆ ಬೆರಳಲ್ಲಿ ಹಿಡಿದು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಟ್ಟಿದ್ದಾರೆ ಅಂತ ಗೊತ್ತಾಗುವುದಕ್ಕೆ ನನಗೆ ಒಂದು ವಾರ ಹಿಡಿಯಿತು.

ಈಗ ವಿಷಯಕ್ಕೆ ಬರುತ್ತೇನೆ. ನೃತ್ಯಶಾಲೆಯವರು ವೈರುಗಳನ್ನು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟಿದ್ದಾರೆ. ತುದಿಗಳಲ್ಲಿ ಏನೂ ಇಲ್ಲ. ತುದಿಗೆ ಏನಾದರೂ ಹಾಕಬೇಕಲ್ಲ ಅಂತ ಅಂಗಡಿಗೆ ಹೋದರೆ ಅವನು ಗಾಜಿನ ಮೇಲೆ ಒಂದು ರಾಶಿ ಸುರಿದ. ಸೂಜಿಯಂಥದ್ದು, ಕವಲೊಡೆದದ್ದು, ಹೊಟ್ಟೆ ಉಬ್ಬಿದ್ದು, ಚಿನ್ನದ ಬಣ್ಣದ್ದು. ಯಾವುದು ಯಾತಕ್ಕೆ ಅಂತ ಕೇಳಿದೆ. "ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಕಳ್ಸಿ ಅಮ್ಮಾ, ಅವರಿಗೆ ಹೇಳ್ತೀನಿ" ಅಂದ. ಗಂಡಸರಿದ್ದಾರಪ್ಪ, ಮಾತಾಡೋದಿಲ್ಲ ಅಷ್ಟೆ, ಅನ್ನಬೇಕೆನಿಸಿತು. ಎದ್ದು ಬಂದೆ.

ನೀನು ನಾಟಕ ಕಂಪನಿಯಲ್ಲಿ ದಿನವೂ ಇವುಗಳ ನಡುವೆಯೇ ಉರುಳಾಡುವವಳು. ಯಾವುದು ಕೊಳ್ಳಲಿ, ಹೇಗೆ ಹಾಕಲಿ, ಬರೆದು ಕಳಿಸು. ಫೋನು ಮಾಡಬೇಡ. ಆಸ್ಪತ್ರೆಯ ಸ್ವಿಚ್ ಬೋರ್ಡಿನ ಮುಂದೆ ಕೂತು ಮೂವತ್ತಾರು ವರ್ಷ ಬೇರೆಯವರ ಫೋನು ಜೋಡಿಸಿದ್ದೇನೆ. ಇನ್ನು ನನ್ನ ಕೈಲಾಗದು. ಅಲ್ಲದೆ ಫೋನಿನಲ್ಲಿ ನೀನು ನನ್ನ ಮಾತಿಗೆ ಅಡ್ಡ ಬಾಯಿ ಹಾಕುತ್ತೀಯ. ಕಾಗದದಲ್ಲಿ ನಾನು ಮುಗಿಸುವವರೆಗೆ ನೀನು ತೆಪ್ಪಗಿರಲೇಬೇಕು.

ನಿನ್ನ
ಅಮ್ಮ


ಫೆಬ್ರವರಿ 24

ಅಮ್ಮಾ,

ನಿನ್ನ ಕಾಗದವನ್ನು ಬೆಳಕಿನ ವಿಭಾಗದವಳಿಗೆ ಓದಿ ಹೇಳಿದೆ. "ನಿಮ್ಮಮ್ಮನ್ನ ನಮ್ ಕಂಪನಿಗೆ ಕರ್ಕೊಂಡ್ ಬಾರೇ" ಅಂದಳು. ನಗುವುದು ಮುಗಿದ ಮೇಲೆ ನನಗೆ ಅಪ್ಪನ ನೆನಪಾಯಿತು.

ಅಪ್ಪನ ಸ್ವಭಾವ ನಿನಗೆ ಗೊತ್ತಿಲ್ಲದ್ದಲ್ಲ. ಕೈಗಡಿಯಾರದ ಹಲ್ಲುಚಕ್ರ ಹಿಡಿದು ಕೂತ ಮನುಷ್ಯನಿಗೆ ಚಮಚ ಬಿದ್ದ ಸದ್ದೂ ಆಗುತ್ತಿರಲಿಲ್ಲ. ನಾನು ಪಾಠ ಓದಿದ್ದು ತುಟಿ ಅಲ್ಲಾಡಿಸಿ, ಅತ್ತದ್ದು ದಿಂಬಿಗೆ. ಅದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಇಷ್ಟು ವರ್ಷ ಹೊಂದಿಕೊಂಡು ಹೋದವಳು ಈಗ ಹಾಲಿನ ಮಧ್ಯೆ ಸೊಂಟದೆತ್ತರದ ಸ್ಪೀಕರು ನಿಲ್ಲಿಸಿದರೆ ಅವರಿಗೆ ಹೇಗಾಗಬೇಡ? ವಯಸ್ಸೂ ಆಗಿದೆ, ರಕ್ತದೊತ್ತಡವೂ ಇದೆ.

ನನಗೊಂದು ಉಪಾಯ ಹೊಳೆದಿದೆ. ಒಂದು ಒಳ್ಳೆಯ ಹೆಡ್‌ಫೋನ್ ಕಳಿಸಿಕೊಡುತ್ತೇನೆ. ಆಂಪ್ಲಿಫೈಯರಿನ ಮುಂದೆಯೇ ಅದಕ್ಕೆ ಜಾಗ ಇರುತ್ತದೆ, ಚುಚ್ಚಿದರೆ ಮುಗಿಯಿತು. ನೀನು ಎಷ್ಟು ಜೋರಾಗಿ ಬೇಕಾದರೂ ಕೇಳಬಹುದು, ಅವರಿಗೆ ತೊಂದರೆ ಇಲ್ಲ. ಇಬ್ಬರಿಗೂ ಸಮಾಧಾನ. ವೈರು, ಪ್ಲಗ್ಗು ಯಾವ ರಗಳೆಯೂ ಬೇಡ.

ಕೋಪ ಮಾಡಿಕೊಳ್ಳಬೇಡ.

ನಿನ್ನ
ಗಲಾಟೆ


ಮಾರ್ಚ್ 6

ಮಗಳೇ,

ಕೋಪ ಮಾಡಿಕೊಂಡಿದ್ದೇನೆ.

ಹೆಡ್‌ಫೋನ್! ನನಗೆ! ಇಪ್ಪತ್ತೆರಡನೇ ವಯಸ್ಸಿನಿಂದ ನಿವೃತ್ತಿಯ ದಿನದ ತನಕ ಅದನ್ನು ಕಿವಿಗೆ ಸಿಕ್ಕಿಸಿಕೊಂಡೇ ಬದುಕಿದವಳಿಗೆ ನೀನು ಇನ್ನೊಂದನ್ನು ಉಡುಗೊರೆಯಾಗಿ ಕಳಿಸುತ್ತೀಯಾ? ನನ್ನ ಬಲಗಿವಿಯ ಮೇಲೆ ಕೂದಲು ಬೆಳೆಯದ ಒಂದು ಪಟ್ಟಿ ಇವತ್ತಿಗೂ ಇದೆ, ಬಂದಾಗ ಮುಟ್ಟಿ ನೋಡು. ಹುಟ್ಟಿದ ಸುದ್ದಿ, ಸತ್ತ ಸುದ್ದಿ ಎಲ್ಲ ನನ್ನ ಕೈಮೇಲೆ ಹಾದುಹೋಗುತ್ತಿದ್ದವು. ಎರಡು ಕಡೆ ಜೋಡಿಸಿದ ಕೂಡಲೇ ನಾವು ಕಿವಿ ಮುಚ್ಚಿಕೊಳ್ಳಬೇಕು, ಅದು ನಿಯಮ. ಅಲ್ಲಿ ಬೇರೆಯವರ ಮಾತು ಕೇಳಬಾರದು. ಮನೆಗೆ ಬಂದರೆ ನಾನೇ ಮಾತಾಡಬಾರದು. ಇದನ್ನು ನೀನು ಹೊಂದಿಕೊಂಡು ಹೋಗುವುದು ಅಂತ ಕರೆದಿದ್ದೀಯ. ಒಳ್ಳೆಯ ಹೆಸರು.

ಯಾತಕ್ಕೆ ತಂದೆ ಅಂತ ನೀನು ಕೇಳಲೇ ಇಲ್ಲ. ಹೇಳುತ್ತೇನೆ ಕೇಳು. ಡ್ಯೂಟಿ ಮುಗಿಸಿ ಬರುವಾಗ ದಿನವೂ ಆ ನೃತ್ಯಶಾಲೆಯ ಕಿಟಕಿಯ ಕೆಳಗೆ ನಿಲ್ಲುತ್ತಿದ್ದೆ. ಚಪ್ಪಲಿ ಸರಿಮಾಡಿಕೊಳ್ಳುವ ನೆವ. ಒಳಗೆ ರೆಕಾರ್ಡಿನಲ್ಲಿ ಒಬ್ಬಳು ಹಾಡುತ್ತಿದ್ದಳು, ಹಿಂದೆ ಆಳೆತ್ತರದ ಪಿಟೀಲು, ರೆಕಾರ್ಡಿನ ಲಕೋಟೆಯ ಮೇಲೆ ಅದರ ಚಿತ್ರವಿದೆ. ಅದರ ತಗ್ಗು ದನಿ ಗೋಡೆಯಿಂದ ಇಳಿದು ನನ್ನ ಪಕ್ಕೆಲುಬಿನೊಳಗೆ ನಡುಗುತ್ತಿತ್ತು. ಅದು ಕಿವಿಯಲ್ಲಿ ಕೇಳುವ ದನಿಯಲ್ಲ, ಮಾರಾಯಿತಿ. ಹೆಡ್‌ಫೋನಿಗೆ ಪಕ್ಕೆಲುಬು ಇದೆಯೇನು?

ನಿಮ್ಮಪ್ಪನ ಕೆಲಸಕ್ಕೆ ತೊಂದರೆ ಅಂತೀಯ. ಯಾವ ಕೆಲಸ? ಮನೆಗೆ ಕೊನೆಯ ಗಡಿಯಾರ ರಿಪೇರಿಗೆ ಬಂದು ವರ್ಷಗಳಾದವು. ಜನರೆಲ್ಲ ಈಗ ಹೊತ್ತು ನೋಡುವುದು ಫೋನಿನಲ್ಲಿ. ಆದರೂ ಬೆಳಗ್ಗೆ ಎದ್ದು ಒಳಕೋಣೆಗೆ ಹೋಗುತ್ತಾರೆ, ದೀಪ ಹಚ್ಚುತ್ತಾರೆ, ಕಣ್ಣಿಗೆ ಆ ಗಾಜು ಸಿಕ್ಕಿಸಿಕೊಳ್ಳುತ್ತಾರೆ. ನಾನು ಹೊರಗೆ ಪಾತ್ರೆಯನ್ನು ಬಟ್ಟೆಯ ಮೇಲಿಟ್ಟು ತೊಳೆಯುತ್ತೇನೆ. ಕೆಲಸ ಮುಗಿದರೂ ಅದರ ನಿಶ್ಶಬ್ದ ಮಾತ್ರ ನಡೆಯುತ್ತಲೇ ಇದೆ. ಸಾಕು.

ಕೇಳಿದ್ದಕ್ಕೆ ಉತ್ತರ ಕೊಡು. ಸೂಜಿಯೋ, ಕವಲೋ, ಹೊಟ್ಟೆ ಉಬ್ಬಿದ್ದೋ?

ಅಮ್ಮ


ಮಾರ್ಚ್ 19

ಅಮ್ಮಾ,

ಆಯಿತು, ಸೋತೆ. ಪೆನ್ನು ತಗೊಂಡು ಕೂತಿದ್ದೇನೆ. ವೇದಿಕೆಯ ಮೇಲೆ ರಾಜನ ಪಾತ್ರದವನು ತನ್ನ ಮಾತು ಮರೆತು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಿದ್ದಾನೆ, ಹಾಗಾಗಿ ಪುರುಸೊತ್ತಿದೆ.

ಏನನ್ನೂ ಹಾಕದೆ ಬರೀ ತಂತಿಯನ್ನೇ ತಿರುಪಿನ ಕೆಳಗೆ ಸಿಕ್ಕಿಸಿದರೂ ಹಾಡು ಬರುತ್ತದೆ. ಸರಿಯಾಗಿ ಬಿಗಿದರೆ ದನಿಯಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ನೀನು ದಿನಾ ನೆಲ ಒರೆಸಲು ಸ್ಪೀಕರು ಸರಿಸುವವಳು. ಪ್ರತಿ ಸಲ ಬಿಚ್ಚಿ ಕಟ್ಟಿದರೆ ಎಳೆಗಳು ಮುರಿದು ಉದುರುತ್ತವೆ. ಸೂಜಿಯಂಥದ್ದು ಸ್ಪ್ರಿಂಗ್ ಅದುಮಿ ಸಿಕ್ಕಿಸುವ ಚಿಕ್ಕ ಸ್ಪೀಕರುಗಳಿಗೆ, ನಿನಗೆ ಬೇಡ. ಕವಲಿನದು ಗಟ್ಟಿಯಾಗಿ ಕೂರುತ್ತದೆ. ಆದರೆ ಹಿಂದಿನ ತಿರುಪನ್ನು ಬೆರಳು ನೋಯುವಷ್ಟು ಬಿಗಿಯಬೇಕು. ನಿನ್ನ ಹೆಬ್ಬೆರಳ ಕೀಲು ನನಗೆ ಗೊತ್ತು. ಹೊಟ್ಟೆ ಉಬ್ಬಿದೆ ಅಂದೆಯಲ್ಲ, ಅದರ ಹೆಸರು ಬನಾನಾ ಪ್ಲಗ್. ಅದನ್ನು ತಗೋ. ತೂತಿಗೆ ತಳ್ಳಿದರೆ ಹೊಟ್ಟೆಯ ಸ್ಪ್ರಿಂಗು ಒಳಗೆ ಕಚ್ಚಿಕೊಳ್ಳುತ್ತದೆ, ಎಳೆದರೆ ಬರುತ್ತದೆ. ನಿನ್ನ ಸ್ವಿಚ್ ಬೋರ್ಡಿನ ಹಾಗೆಯೇ, ಕೈಗೆ ರೂಢಿಯಾಗಿರುವ ಕೆಲಸ. ಮೊದಲು ಆಂಪ್ಲಿಫೈಯರು ಮತ್ತು ಸ್ಪೀಕರಿನ ಹಿಂದಿನ ತಿರುಪುಗಳ ನಡುಮಧ್ಯೆ ತೂತು ಇದೆಯಾ ನೋಡು. ಇದ್ದರೆ ಕೊಳ್ಳು.

ಚಿನ್ನದ ಬಣ್ಣದ್ದು ಕೊಂಡರೆ ಕಿಲುಬು ಹಿಡಿಯುವುದಿಲ್ಲ, ಅಷ್ಟೇ. ಅದರಿಂದ ಹಾಡುವವಳ ಗಂಟಲು ಇನಿದಾಗುತ್ತದೆ ಅಂತ ಅಂಗಡಿಯವನು ಹೇಳಿದರೆ ನಂಬಬೇಡ. ಬೆಸುಗೆ ಹಾಕುವ ಬಗೆಯದು ಬೇಡ, ತಂತಿಯನ್ನು ಪಕ್ಕದಿಂದ ತಿರುಪು ಹಾಕಿ ಹಿಡಿಯುವ ಬಗೆಯದು ಕೇಳು. ಕೆಂಪು ನಾಲ್ಕು, ಕಪ್ಪು ನಾಲ್ಕು ಬೇಕಾಗುತ್ತವೆ.

ವೈರಿನ ಸಿಪ್ಪೆಯನ್ನು ನಿನ್ನ ಹೆಬ್ಬೆರಳ ಉಗುರಿನಷ್ಟು ಉದ್ದ ಸುಲಿ. ಚಾಕು ಒತ್ತಬೇಡ, ಒತ್ತಿದರೆ ಒಳಗಿನ ಎಳೆ ಕತ್ತರಿಸುತ್ತದೆ. ಎಳೆಗಳನ್ನು ಬೆರಳಲ್ಲಿ ಬತ್ತಿಯ ಹಾಗೆ ಹೊಸೆ. ಪ್ಲಗ್ಗಿನೊಳಗೆ ತೂರಿಸಿ ತಿರುಪು ಬಿಗಿ. ಆಮೇಲೆ ಎಳೆದು ನೋಡು, ಕೈಗೆ ಬಂದರೆ ಮತ್ತೆ ಹಾಕು. ಒಂದೇ ಒಂದು ಎಳೆಯೂ ಹೊರಗೆ ಚಾಚಿರಬಾರದು. ಪಕ್ಕದ್ದಕ್ಕೆ ತಗುಲಿದರೆ ಆಂಪ್ಲಿಫೈಯರು ಸುಟ್ಟುಹೋಗಬಹುದು.

ಯಾವ ತಂತಿ ಯಾವ ತೂತಿಗೆ ಅನ್ನುವುದು ಇದೆಲ್ಲಕ್ಕಿಂತ ಮುಖ್ಯ. ಹಳೆಯ ಸಾಮಾನು, ನೋಡದೆ ಹೇಳಲಾರೆ. ಎರಡರ ಹಿಂಭಾಗದ ಚಿತ್ರ ಬರೆದು ಕಳಿಸು. ಮುಂದಿನ ಕಾಗದದಲ್ಲಿ ಅದನ್ನು ಬಿಡಿಸಿ ಹೇಳುತ್ತೇನೆ. ಅಲ್ಲಿಯವರೆಗೆ ಕರೆಂಟು ಕೊಡಬೇಡ.

ರಾಜನಿಗೆ ಮಾತು ನೆನಪಾಯಿತು. ಹೊರಟೆ.

ಗಲಾಟೆ


ಮಾರ್ಚ್ 30

ಮಗಳಿಗೆ ತಂದೆಯ ಆಶೀರ್ವಾದ.

ನಾನು ಕ್ಷೇಮ. ನೀನು ಅಮ್ಮನಿಗೆ ಬರೆದ ಕಾಗದ ಊಟದ ಮೇಜಿನ ಮೇಲೆ ತೆರೆದಿತ್ತು, ಓದಿದೆ. ವಿವರಣೆ ಅಚ್ಚುಕಟ್ಟಾಗಿದೆ. ಯಾರು ಓದಿದರೂ ಮಾಡಬಹುದು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗಡಿಯಾರದವನಿಗೆ ಕಣ್ಣಿಗಿಂತ ಕಿವಿ ಮುಖ್ಯ. ಚಕ್ರ ಎಲ್ಲಿ ತೊಡರುತ್ತಿದೆ ಅನ್ನುವುದನ್ನು ಮೊದಲು ಕೇಳಬೇಕು, ಆಮೇಲೆ ನೋಡಬೇಕು. ಹಾಗೆ ಕೇಳುವ ಮನೆ ಇದು. ನಿಮ್ಮಮ್ಮನೂ ಇದನ್ನು ಒಪ್ಪಿಯೇ ಇದ್ದಳು. ಒಪ್ಪದಿದ್ದರೆ ಯಾವತ್ತಾದರೂ ಹೇಳುತ್ತಿದ್ದಳಲ್ಲವೇ?

ನೀನು ಓದು ಬಿಟ್ಟು ನಾಟಕದವರ ಜೊತೆ ಹೋದಾಗ ನಾನು ಒಂದು ಮಾತೂ ಆಡಲಿಲ್ಲ. ಈಗ ಒಂದನ್ನು ಕೇಳುತ್ತಿದ್ದೇನೆ. ಮುಂದಿನ ಕಾಗದ ಬರೆಯಬೇಡ. ನೀನು ಹೇಳಿಕೊಡದಿದ್ದರೆ ಅವಳು ಕೆಲವು ದಿನ ಒದ್ದಾಡಿ ಬಿಡುತ್ತಾಳೆ. ಮನೆ ಮೊದಲಿನ ಹಾಗಾಗುತ್ತದೆ.

ಇದನ್ನು ಜೋರಾಗಿ ಓದುವ ಅಗತ್ಯವಿಲ್ಲ.

ನಿನ್ನ ತಂದೆ


ಏಪ್ರಿಲ್ 27

ಗಲಾಟೆ,

ಆಂಪ್ಲಿಫೈಯರು, ಸ್ಪೀಕರು ಎರಡರ ಹಿಂಭಾಗದ ಚಿತ್ರ ಬರೆದು ಕಳಿಸಿ ಎಷ್ಟು ದಿನವಾಯಿತು? ಸಿಕ್ಕಿರಬೇಕು. ಚಿತ್ರ ಚೆನ್ನಾಗಿ ಬಂದಿಲ್ಲ ಅನ್ನುವುದು ನನಗೂ ಗೊತ್ತು, ಹಂದಿಯ ಮೂತಿಯ ಹಾಗೆ ಕಾಣುತ್ತದೆ. ಆದರೂ ಉತ್ತರ ಬರಬೇಕಿತ್ತು.

ಪ್ಲಗ್ಗುಗಳನ್ನು ಕೊಂಡೆ. ಅಂಗಡಿಯವನು ಮತ್ತೆ ಗಂಡಸರನ್ನು ಕೇಳಿದ. "ಪಕ್ಕದಿಂದ ತಿರುಪು ಹಾಕುವ ಬನಾನಾ ಪ್ಲಗ್ಗು, ನಾಲ್ಕು ಕೆಂಪು ನಾಲ್ಕು ಕಪ್ಪು, ಚಿನ್ನದ ಕಥೆ ಹೇಳಬೇಡ" ಅಂದೆ. ಬಾಯಿ ಮುಚ್ಚಿಕೊಂಡು ಪೊಟ್ಟಣ ಕಟ್ಟಿದ.

ಹೋದ ತಿಂಗಳ ಕೊನೆಗೆ ನಿಮ್ಮಪ್ಪ ಅಂಗಿ ಹಾಕಿಕೊಂಡು ಅಂಚೆ ಡಬ್ಬದವರೆಗೆ ಹೋಗಿ ಬಂದದ್ದನ್ನು ನೋಡಿದೆ. ಅವರು ಯಾರಿಗೆ ಏನು ಬರೆದರು ಅಂತ ನಾನು ಕೇಳುವುದಿಲ್ಲ. ನೀನು ಯಾಕೆ ಬರೆಯುತ್ತಿಲ್ಲ ಅಂತಲೂ ಕೇಳುವುದಿಲ್ಲ. ಕೇಳಿ ಅಭ್ಯಾಸವಿಲ್ಲ.

ಅಮ್ಮ


ಮೇ 17

ಮಗಳೇ,

ನೀನು ಬರೆಯಲಿಲ್ಲ. ನಾನು ಕಾಯಲಿಲ್ಲ.

ಊಟದ ಮೇಜಿನ ಮೇಲೆ ದಿನಪತ್ರಿಕೆ ಹಾಸಿಕೊಂಡು ಎಲ್ಲವನ್ನೂ ಹರಡಿದೆ. ನಿಮ್ಮಪ್ಪನ ಚಿಮಟ ಮತ್ತು ಕಣ್ಣಿನ ಗಾಜು ಕೇಳದೆ ತಗೊಂಡೆ. ಮಾತು ಬಿಟ್ಟವರನ್ನು ಕೇಳುವುದಾದರೂ ಹೇಗೆ? ನೀನು ಹೇಳಿದ ಹಾಗೆ ಸುಲಿದೆ, ಹೊಸೆದೆ, ತೂರಿಸಿದೆ, ಎಳೆದು ನೋಡಿದೆ. ಮೊದಲನೆಯದು ಕೈಗೆ ಬಂತು, ಎರಡನೆಯದರಲ್ಲಿ ಚಾಕು ಜಾರಿ ಬೆರಳು ಕುಯ್ದುಕೊಂಡೆ. ಐದನೆಯದರ ಹೊತ್ತಿಗೆ ಕೈ ಕುದುರಿತು.

ನಿಮ್ಮಪ್ಪ ನೀರು ಕುಡಿಯುವ ನೆಪದಲ್ಲಿ ಎರಡು ಮೂರು ಸಲ ಆಚೀಚೆ ಓಡಾಡಿದರು. ಕೊನೆಗೆ ನನ್ನ ಬೆನ್ನ ಹಿಂದೆ ನಿಂತು, "ಅಲ್ಲಿ ಒಂದ್ ಎಳೆ ಹೊರಗಿದೆ" ಅಂದರು. ಮೂರು ತಿಂಗಳ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು. ನೋಡಿದರೆ ನಿಜವಾಗಿಯೂ ಇತ್ತು, ಕೂದಲಿನಷ್ಟು ಸಣ್ಣದು. ನಾನು ತಿರುಗುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡವರಂತೆ ಒಳಗೆ ಹೊರಟುಹೋಗಿದ್ದರು.

ಯಾವ ತಂತಿ ಯಾವ ತೂತಿಗೆ ಅನ್ನುವುದನ್ನು ನೀನು ಹೇಳದಿದ್ದರೂ ನನಗೆ ಗೊತ್ತಿತ್ತು. ಬೋರ್ಡಿನಲ್ಲಿ ಕಲಿತ ಮೊದಲ ಪಾಠವೇ ಅದು. ಕರೆದವರ ಕಡೆಗೆ ಕೆಂಪು, ಓಗೊಟ್ಟವರ ಕಡೆಗೆ ಕಪ್ಪು. ಆಂಪ್ಲಿಫೈಯರು ಕರೆಯುವುದು, ಸ್ಪೀಕರು ಓಗೊಡುವುದು. ಹಾಗಾಗಿ ಆಂಪ್ಲಿಫೈಯರಿನ ಕಡೆಗೆ ನಾಲ್ಕೂ ಕೆಂಪು, ಸ್ಪೀಕರಿನ ಕಡೆಗೆ ನಾಲ್ಕೂ ಕಪ್ಪು. ಹಿಂಭಾಗದ ತಿರುಪುಗಳಿಗೂ ಕೆಂಪು ಕಪ್ಪು ಬಣ್ಣ ಕೊಟ್ಟಿದ್ದರು, ಅಂದಕ್ಕಿರಬೇಕು ಅಂತ ಬಿಟ್ಟೆ.

ಕರೆಂಟು ಕೊಟ್ಟೆ. ರೆಕಾರ್ಡು ಹಾಕಿದೆ. ಅದೇ ಹಾಡು, ನೃತ್ಯಶಾಲೆಯವರು ಜೊತೆಗೇ ಕೊಟ್ಟದ್ದು.

ಏನು ಹೇಳಲಿ. ಸದ್ದು ಬಂತು, ಹಾಡು ಬರಲಿಲ್ಲ. ಎರಡು ಪೆಟ್ಟಿಗೆಗಳ ಮಧ್ಯೆ ಕೂತರೆ ಹಾಡುವವಳು ಎಲ್ಲಿದ್ದಾಳೆ ಅಂತಲೇ ತಿಳಿಯುವುದಿಲ್ಲ. ಒಮ್ಮೆ ತಲೆಯ ಹಿಂದೆ, ಒಮ್ಮೆ ಗೋಡೆಯಾಚೆ. ಆ ದೊಡ್ಡ ಪಿಟೀಲಿನ ತಗ್ಗು ದನಿಯಂತೂ ಇಲ್ಲವೇ ಇಲ್ಲ. ಇನ್ನಷ್ಟು ಜೋರು ಮಾಡಿದೆ. ಕಿವಿ ನೋಯಿತೇ ಹೊರತು ಪಕ್ಕೆಲುಬು ಅಲ್ಲಾಡಲಿಲ್ಲ.

ನಿಮ್ಮಪ್ಪ ಒಂದು ಚೀಟಿ ಬರೆದು ಮೇಜಿನ ಮೇಲಿಟ್ಟರು. "ಯಂತ್ರ ಸರಿಯಿದೆ. ನಿನ್ನ ಕಿವಿಗೆ ವಯಸ್ಸಾಗಿದೆ." ಮಾರನೆಯ ದಿನ ಇನ್ನೊಂದು ಚೀಟಿ. ಜೂನ್ ಮೊದಲ ಭಾನುವಾರ ಗುಜರಿಯವನಿಗೆ ಬರಲು ಹೇಳಿದ್ದಾರಂತೆ.

ಬೇಡ ಅಂತ ಹೇಳಬೇಕೆಂದು ಬಾಯಿ ತೆರೆದೆ. ಹೇಳಲಾಗಲಿಲ್ಲ. ಏಕೆಂದರೆ ಅವರು ಹೇಳಿದ್ದೇ ನಿಜವಿರಬಹುದು. ಇಷ್ಟು ವರ್ಷ ಒಂದು ಕಿವಿಗೆ ಬೇರೆಯವರ ಮಾತು ತುಂಬಿ ತುಂಬಿ ಅದು ಸತ್ತೇ ಹೋಗಿರಬಹುದು. ನಾನು ಕಾದದ್ದು ಹೆಚ್ಚಾಯಿತೇನೋ. ಇವರ ಜೊತೆ ಜಗಳವಾಡಬಲ್ಲೆ, ನನ್ನ ಕಿವಿಯ ಜೊತೆ ಹೇಗೆ ಆಡಲಿ ಹೇಳು?

ನಿನಗೆ ಬರೆಯಬೇಕೆನಿಸಿದರೆ ಬರೆ.

ಅಮ್ಮ


ಮೇ 25

ಅಪ್ಪಾ,

ನಿಮ್ಮ ಕಾಗದಕ್ಕೆ ಉತ್ತರ ಇದು. ತಡವಾಯಿತು.

ನಾನು ಮನೆ ಬಿಡುವಾಗ ನೀವು ಒಂದು ಮಾತೂ ಆಡಲಿಲ್ಲ ಅಂತ ಬರೆದಿದ್ದೀರಿ. ಹೌದು. ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದೆ, ಬೈಯುತ್ತೀರೇನೋ ಅಂತ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಆಮೇಲೆ ಏನಾಗುತ್ತಿತ್ತೋ ಗೊತ್ತಿಲ್ಲ, ಏನಾದರೂ ಆಗುತ್ತಿತ್ತು.

ಎರಡು ತಿಂಗಳು ನಿಮ್ಮ ಮಾತು ಕೇಳಿ ಅಮ್ಮನಿಗೆ ಬರೆಯದೆ ಇದ್ದೆ. ಈ ಮನೆಯ ಅಭ್ಯಾಸ ಎಲ್ಲಿಗೆ ಹೋದರೂ ಬಿಡುವುದಿಲ್ಲ ನೋಡಿ. ಇನ್ನು ನಿಮ್ಮ ಮಾತು ಕೇಳುವುದಿಲ್ಲ. ಇವತ್ತೇ ಅಮ್ಮನಿಗೂ ಬರೆಯುತ್ತಿದ್ದೇನೆ, ಕದ್ದಲ್ಲ. ಮೇಜಿನ ಮೇಲಿದ್ದರೆ ಓದಿ. ಜೋರಾಗಿ ಓದಿದರೂ ನನ್ನ ಅಭ್ಯಂತರವಿಲ್ಲ.

ಒಪ್ಪದಿದ್ದರೆ ಅಮ್ಮ ಯಾವತ್ತಾದರೂ ಹೇಳುತ್ತಿದ್ದಳಲ್ಲವೇ ಅಂತ ಕೇಳಿದ್ದೀರಿ. ಹಾಲಿನಲ್ಲಿ ಸೊಂಟದೆತ್ತರ ನಿಂತಿವೆಯಲ್ಲ, ಅವೇ ಅವಳ ಮಾತು.

ನಿಮ್ಮ ಮಗಳು


ಮೇ 25

ಅಮ್ಮಾ,

ನಿನ್ನ ಕಿವಿಗೆ ಏನೂ ಆಗಿಲ್ಲ! ಏನೂ ಆಗಿಲ್ಲ! ನಿನ್ನ ಕಾಗದವನ್ನು ಓದಿ ಪರದೆಯ ಹಿಂದೆ ಕೂಗಿಬಿಟ್ಟೆ, ವೇದಿಕೆಯ ಮೇಲಿದ್ದವರೆಲ್ಲ ನಿಂತುಬಿಟ್ಟರು. ನಿನಗೆ ಕೇಳಿಸಿದ್ದೆಲ್ಲ ಸರಿಯಾಗಿಯೇ ಕೇಳಿಸಿದೆ. ನಮ್ಮಲ್ಲಿ ಸಂಬಳ ತಗೊಳ್ಳುವ ಹುಡುಗರಿಗೂ ಅಷ್ಟು ಬೇಗ ಗೊತ್ತಾಗುವುದಿಲ್ಲ.

ತಪ್ಪಾಗಿರುವುದು ಬಣ್ಣದಲ್ಲಿ. ಕೆಂಪು ಕಪ್ಪು ಅನ್ನುವುದು ಕರೆದವರು, ಓಗೊಟ್ಟವರು ಅಲ್ಲ ಅಮ್ಮಾ. ಒಂದು ವೈರಿನಲ್ಲಿ ಎರಡು ತಂತಿ ಇವೆಯಲ್ಲ, ಅವುಗಳಲ್ಲಿ ಒಂದು ಕೆಂಪು, ಇನ್ನೊಂದು ಕಪ್ಪು. ಈ ತುದಿಯಲ್ಲಿ ಕೆಂಪಾದದ್ದು ಆ ತುದಿಯಲ್ಲೂ ಕೆಂಪೇ ಆಗಬೇಕು. ಆಂಪ್ಲಿಫೈಯರಿನ ಕೆಂಪು ತಿರುಪಿನಿಂದ ಹೊರಟದ್ದು ಸ್ಪೀಕರಿನ ಕೆಂಪು ತಿರುಪಿಗೇ ಹೋಗಿ ಸೇರಬೇಕು. ನೀನು ಹಾಕಿದ ರೀತಿಯಲ್ಲಿ ಅದು ಅದೃಷ್ಟದ ಆಟ. ಒಂದು ಸ್ಪೀಕರು ಸರಿಯಾಗಿ ಬಿತ್ತು, ಇನ್ನೊಂದು ಅದಲುಬದಲಾಯಿತು. ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ. ಅದರಲ್ಲಿ ಮೊದಲು ಸಾಯುವುದು ತಗ್ಗು ದನಿ. ಹಾಡುವವಳು ಎಲ್ಲಿ ನಿಲ್ಲಬೇಕೋ ತಿಳಿಯದೆ ಅಲೆಯುತ್ತಾಳೆ.

ಈ ವಿಷಯ ಮುಂದಿನ ಕಾಗದದಲ್ಲಿ ಬರೆಯುತ್ತೇನೆ ಅಂದವಳು ನಾನು. ಬರೆಯಲಿಲ್ಲ. ಯಾಕೆ ಅಂತ ನಿನಗೆ ಗೊತ್ತು.

ಈಗ ಮಾಡಬೇಕಾದ್ದು. ಮೊದಲು ಕರೆಂಟು ತೆಗೆ. ವೈರಿನ ಸಿಪ್ಪೆಯನ್ನು ಉಗುರಿನಿಂದ ಸವರಿ ನೋಡು. ಎರಡರಲ್ಲಿ ಒಂದಕ್ಕೆ ಉದ್ದಕ್ಕೂ ಸಣ್ಣ ಗೆರೆ ಎದ್ದಿರುತ್ತದೆ. ಗೆರೆ ಇದ್ದದ್ದಕ್ಕೆ ಎರಡೂ ತುದಿಯಲ್ಲಿ ಕೆಂಪು ಪ್ಲಗ್ಗು ಹಾಕು, ಇಲ್ಲದ್ದಕ್ಕೆ ಎರಡೂ ತುದಿಯಲ್ಲಿ ಕಪ್ಪು. ಅರ್ಧದಷ್ಟು ಬಿಚ್ಚಿ ಹಾಕಿದರೆ ಸಾಕು. ತಿರುಪುಗಳ ಬಣ್ಣ ಅಂದಕ್ಕಲ್ಲ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.

ಅನುಮಾನವಿದ್ದರೆ ಇನ್ನೊಂದು ಪರೀಕ್ಷೆ ಇದೆ. ಸ್ಪೀಕರಿನ ಮುಂದಿನ ಬಟ್ಟೆ ತೆಗೆ. ವೈರನ್ನು ಆಂಪ್ಲಿಫೈಯರಿನಿಂದ ಎಳೆದು ಟಾರ್ಚಿನ ಒಂದು ಸೆಲ್ಲಿಗೆ ಕ್ಷಣಮಾತ್ರ ತಾಗಿಸು, ಸೆಲ್ಲಿನ ಉಬ್ಬಿರುವ ತುದಿಗೆ ಕೆಂಪು, ಚಪ್ಪಟೆ ತುದಿಗೆ ಕಪ್ಪು. ಒಳಗಿನ ತಟ್ಟೆಯಂಥ ಕಪ್ಪು ಕಾಗದ ಹೊರಗೆ ಉಬ್ಬಿದರೆ ಸರಿ, ಒಳಗೆ ಸರಿದರೆ ತಪ್ಪು. ಎರಡೂ ಸ್ಪೀಕರು ಒಂದೇ ದಿಕ್ಕಿಗೆ ಉಬ್ಬಬೇಕು.

ಗುಜರಿಯವನಿಗೆ ಒಂದು ತಿರುಪನ್ನೂ ಕೊಡಬೇಡ.

ಗಲಾಟೆ


ಜೂನ್ 8

ನನ್ನ ಗಲಾಟೆಯೇ,

ನಿನ್ನ ಕಾಗದ ಬಂದದ್ದು ಶನಿವಾರ. ಮಾರನೆಯ ದಿನವೇ ಗುಜರಿಯವನು ಬರುವುದಿತ್ತು. ಊಟದ ಮೇಜಿಗೆ ಮತ್ತೆ ಪತ್ರಿಕೆ ಹಾಸಿದೆ.

ಗೆರೆ ಉಗುರಿಗೆ ಸಿಕ್ಕಿತು. ಇಷ್ಟು ದಿನ ಅದು ಅಲ್ಲೇ ಇತ್ತು, ನಾನು ಸವರಿ ನೋಡಿರಲಿಲ್ಲ. ಅರ್ಧ ಬಿಚ್ಚಿದೆ, ಅರ್ಧ ಹಾಕಿದೆ. ಸೆಲ್ಲು ತಾಗಿಸಿದಾಗ ಆ ಕಪ್ಪು ಕಾಗದ ಪಟಕ್ಕನೆ ಉಬ್ಬಿತು. ಎರಡನೆಯದೂ ಉಬ್ಬಿತು. ನಾನು ಒಬ್ಬಳೇ ಕೂತು ಆ ಸೆಲ್ಲನ್ನು ಬೇಕೆಂದೇ ಮತ್ತೆ ಮತ್ತೆ ತಾಗಿಸಿ ನಕ್ಕೆ. ನಿಮ್ಮಪ್ಪ ನಿನ್ನ ಎರಡೂ ಕಾಗದ ಓದಿದ್ದರು. ತಮ್ಮದನ್ನು ಜೇಬಿನಲ್ಲಿಟ್ಟುಕೊಂಡಿದ್ದರು, ನನಗೆ ಬಂದದ್ದನ್ನು ಮಡಿಸಿ ಮೇಜಿನ ಮೇಲೆ ಮತ್ತೆ ಇಟ್ಟಿದ್ದರು.

ಭಾನುವಾರ ಬೆಳಗ್ಗೆ ಕಾಫಿ ಕುಡಿದು ರೆಕಾರ್ಡು ಹಾಕಿದೆ.

ಅವಳು ಬಂದಳು ಕಣೇ. ಎರಡು ಪೆಟ್ಟಿಗೆಗಳ ಸರಿಯಾಗಿ ನಡುವೆ, ನಮ್ಮ ಹಾಲಿನಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ನಿಂತು ಹಾಡಿದಳು. ಹಿಂದಿನಿಂದ ಆ ತಗ್ಗು ದನಿ ಶುರುವಾಯಿತು. ನೆಲ ನಡುಗಿತು, ಕಪಾಟಿನ ಲೋಟಗಳು ನಡುಗಿದವು, ನಾನು ನಡುಗಿದೆ. ಕಿಟಕಿಯ ಹೊರಗೆ ನಿಂತು ಕೇಳಿದ್ದು ಏನೂ ಅಲ್ಲ. ಅತ್ತುಬಿಟ್ಟೆ, ಜೋರಾಗಿಯೇ ಅತ್ತೆ. ಆ ಹಾಡಿನ ಅಡಿಯಲ್ಲಿ ಯಾರಿಗೂ ಕೇಳುತ್ತಿರಲಿಲ್ಲ ಬಿಡು.

ಅಷ್ಟರಲ್ಲಿ ಗುಜರಿಯವನು ಬಂದ. ನಿಮ್ಮಪ್ಪ ಒಳಕೋಣೆಯಿಂದ ಬಂದು ಬಾಗಿಲು ತೆರೆದರು. ಅವರು ಏನೋ ಹೇಳಿದರು. "ಏನಂದ್ರಿ ಸಾರ್?" ಅಂದ ಅವನು. ಮತ್ತೆ ಹೇಳಿದರು. "ಕೇಳ್ತಿಲ್ಲ ಸಾರ್, ಜೋರಾಗಿ ಹೇಳಿ!" ಅಂದ.

ನಿಮ್ಮಪ್ಪ ನನ್ನ ಕಡೆ ತಿರುಗಿದರು. "ಕಡಿಮೆ ಮಾಡು" ಅಂದರು. ತುಟಿ ನೋಡಿ ಗೊತ್ತಾಯಿತು.

"ಇಲ್ಲ" ಅಂದೆ.

ಅವರಿಗೂ ನನ್ನ ತುಟಿ ಮಾತ್ರ ಕಂಡಿರಬೇಕು. ನಂಬಿಕೆ ಬರಲಿಲ್ಲವೇನೋ. ಎದ್ದು ನಿಂತು ಕೂಗಿ ಹೇಳಿದೆ. "ಇಲ್ಲಾ! ಕಡಿಮೆ ಮಾಡಲ್ಲಾ!"

"ಕಡಿಮೆ ಮಾಡೂ!" ಅಂತ ಅವರೂ ಕೂಗಿದರು.

ಮದುವೆಯಾದಾಗಿನಿಂದ ಈ ಮನೆಯಲ್ಲಿ ಯಾರೂ ಕೂಗಿರಲಿಲ್ಲ. ಕೂಗಿದವರೇ ಬೆಚ್ಚಿಬಿದ್ದರು. ಗುಜರಿಯವನು ನಮ್ಮಿಬ್ಬರನ್ನೂ ನೋಡಿ, "ನೀವು ಜಗಳ ಮುಗಿಸ್ಕೊಳಿ, ನಾನು ನಾಳೆ ಬರ್ತೀನಿ" ಅಂದ. "ನಾಳೆನೂ ಬರ್ಬೇಡಪ್ಪ, ಇಲ್ಲಿ ಗುಜರಿ ಏನೂ ಇಲ್ಲ" ಅಂತ ಹೇಳಿ ಕಳಿಸಿದೆ.

ಆಮೇಲೆ ಜಗಳವಾಡಿದೆವು ಕಣೇ. ಹಾಡಿನ ಮೇಲೆ ಗಂಟಲು ಏರಿಸಿ, ಎದುರುಬದುರು ನಿಂತು, ಬೀದಿಗೆಲ್ಲ ಕೇಳುವ ಹಾಗೆ. ಪಾತ್ರೆ ತೊಳೆಯುವ ಬಟ್ಟೆಯಿಂದ ಹಿಡಿದು ನೀನು ಮನೆ ಬಿಟ್ಟ ದಿನದವರೆಗೆ ಒಂದನ್ನೂ ಬಿಡಲಿಲ್ಲ. "ನಿನ್ನ ಕಿವಿಗೆ ವಯಸ್ಸಾಗಿದೆ ಅಂತ ಚೀಟಿ ಬರೀತೀರಾ? ಬಾಯಲ್ಲಿ ಹೇಳೋಕೆ ಆಗಲ್ವಾ?" ಅಂದೆ. "ನನ್ನ ಚಿಮಟ ಕೇಳ್ದೆ ತಗೊಂಡ್ಯಲ್ಲ!" ಅಂದರು. "ಇನ್ನೂ ತಗೋತೀನಿ!" ಅಂದೆ. ಕೊನೆಗೆ, "ಆ ಕೋಣೇಲಿ ಕೆಲಸ ಎಲ್ಲಿದೆ? ಯಾತಕ್ಕೆ ನಾನು ಉಸಿರು ಬಿಗಿಹಿಡ್ಕೊಂಡಿರ್ಬೇಕು?" ಅಂತ ಕೇಳಿದೆ.

"ಕೆಲಸ ಇಲ್ಲ ಅಂತ ನನಗೆ ಗೊತ್ತಿಲ್ವಾ?" ಅಂದರು. "ಮನೆ ಸುಮ್ಮನಿದ್ರೆ ಇದೆ ಅಂದ್ಕೊಂಡಾದ್ರೂ ಕೂತಿರ್ತೀನಿ. ಅದನ್ನೂ ಕಿತ್ಕೋತೀಯಾ?"

ಅವರು ಅಷ್ಟು ಉದ್ದದ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಮುಖ ನೋಡಿದೆ. ಕೈ ತಾನಾಗಿ ಆಂಪ್ಲಿಫೈಯರಿನ ಗುಂಡಿಯ ಕಡೆ ಹೋಯಿತು. ಪಾಪ ಅನಿಸಿದಾಗಲೆಲ್ಲ ಕಡಿಮೆ ಮಾಡುತ್ತಲೇ ಬಂದ ಕೈ ಅದು. ಹಿಂದಕ್ಕೆ ಎಳೆದುಕೊಂಡೆ.

"ಕಿತ್ಕೋತಿಲ್ಲ. ನೀವು ಕೂತ್ಕೊಳಿ, ಬೇಕಾದ್ರೆ ಬಾಗಿಲು ಹಾಕ್ಕೊಳಿ. ನಾನು ಕೇಳ್ತೀನಿ" ಅಂದೆ.

ಹೋದರು. ಬಾಗಿಲು ಹಾಕಿಕೊಂಡರು, ಧಡಾರ್ ಅಂತ. ಗೋಡೆಯ ಸುಣ್ಣ ಉದುರಿತು. ಚಿಲಕ ಹಿಡಿದುಕೊಳ್ಳುವುದು ಮರೆತಿರಬೇಕು, ಅಥವಾ ಮರೆತಿಲ್ಲದೆಯೂ ಇರಬಹುದು.

ನಾನು ನಡುವೆ ಕುರ್ಚಿ ಹಾಕಿಕೊಂಡು ಕೂತು ಕೊನೆಯವರೆಗೂ ಕೇಳಿದೆ. ಹಾಡು ನಿಂತಿತು. ಮುಳ್ಳಿನ ಕೆಳಗೆ ರೆಕಾರ್ಡು ಕರಕರ ಅನ್ನುತ್ತ ತಿರುಗುತ್ತಿತ್ತು.

ಬಾಗಿಲಾಚೆಯಿಂದ ಅವರು ಕೂಗಿ ಕೇಳಿದರು. "ಮುಗೀತಾ?"

"ಇಲ್ಲಾ! ಇನ್ನೊಂದು ಬದಿ ಇದೆ!" ಅಂತ ಕೂಗಿ ಹೇಳಿ, ಎದ್ದು ರೆಕಾರ್ಡು ತಿರುವಿ ಹಾಕಿದೆ.

ನಿನ್ನ
ಅಮ್ಮ